ಕಿದ್ವಾಯಿಯ ಕಡತಗಳು: ಮೂತ್ರಾಂಗ ಕ್ಯಾನ್ಸರಿನ ಮುನ್ನೋಟ ಬೆಳೆದ ಬಗೆ

ಬೆಂಗಳೂರಿನ ಡೇರಿ ಸರ್ಕಲ್ ಬಳಿ, ಈಗ ಡಾ. ಎಂ.ಎಚ್. ಮರಿಗೌಡ ರಸ್ತೆ ಎನಿಸಿಕೊಂಡಿರುವ ಹೊಸೂರು ರಸ್ತೆಯ ಪಕ್ಕದಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಪಶ್ಚಿಮಕ್ಕೆ ಜಯನಗರ, ದಕ್ಷಿಣಕ್ಕೆ ಬಿಟಿಎಂ ಲೇಔಟ್, ಹತ್ತಿರದಲ್ಲೇ ನಿಮ್ಹಾನ್ಸ್. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ತೀರಿಕೊಂಡದ್ದು 1954ರಲ್ಲಿ. ವಿಕಿರಣ ಚಿಕಿತ್ಸೆಯ ಯಂತ್ರ ಕೊಳ್ಳಲೆಂದು 1957ರಲ್ಲಿ ಅವರ ಹೆಸರಿನಲ್ಲಿ ಬಂದ 1 ಲಕ್ಷ ರೂಪಾಯಿಯ ನೆನಪು ಈ ಸಂಸ್ಥೆಯ ಹೆಸರಿನಲ್ಲಿ ಉಳಿದಿದೆ. ರಾಜ್ಯ ಸರ್ಕಾರ ಕೊಟ್ಟ 20 ಎಕರೆ ಜಾಗದಲ್ಲಿ 1973ರ ಜೂನ್ 26ರಂದು ಸಂಸ್ಥೆ ಶುರುವಾಯಿತು. 1980ರಲ್ಲಿ ಮೊದಲು ಸ್ವಾಯತ್ತತೆ, ವರ್ಷದ ಕೊನೆಗೆ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಮಾನ್ಯತೆ ಬಂದವು. ಬೀದರ್, ರಾಯಚೂರುಗಳಿಂದ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಈ ಉದ್ದ ಹೆಸರು ಬೇಕಿಲ್ಲ. ಅವರಿಗೆ ಇದು ಬರೀ ‘ಕಿದ್ವಾಯಿ’, ಇಲ್ಲಿಯ ವಿಕಿರಣ ಚಿಕಿತ್ಸೆ ‘ಕರೆಂಟ್ ಕೊಡುವುದು’.

ಮೂತ್ರಾಂಗಗಳ ಕ್ಯಾನ್ಸರ್ ಎಂಬ ಒಂದೇ ತಲೆಬರಹದ ಕೆಳಗೆ ಒಂದಕ್ಕೊಂದು ಹೋಲದ ಐದು ಕಾಯಿಲೆಗಳಿವೆ: ಪ್ರಾಸ್ಟೇಟ್, ಮೂತ್ರಕೋಶ, ಮೂತ್ರಪಿಂಡ, ವೃಷಣ ಮತ್ತು ಶಿಶ್ನದ ಕ್ಯಾನ್ಸರ್. ಪ್ರಾಸ್ಟೇಟಿನದು ಮುಪ್ಪಿನ ಕಾಯಿಲೆ, ವೃಷಣದ್ದು ಹರೆಯದ್ದು. ಮೂತ್ರಕೋಶದ ಗಡ್ಡೆಗೂ ಬೀಡಿ ಸಿಗರೇಟಿಗೂ ನೇರ ನಂಟಿದೆ. ಶಿಶ್ನದ ಕ್ಯಾನ್ಸರಿಗೆ ಮುಂದೊಗಲು ಹಿಂದೆ ಸರಿಯದಿರುವುದು, ಸ್ವಚ್ಛತೆಯ ಕೊರತೆ ಹಾಗೂ ಒಂದು ಬಗೆಯ ವೈರಸ್ ಕಾರಣ. ಅದನ್ನು ಕೈಮೀರಿಸುವುದು ಮಾತ್ರ ನಾಚಿಕೆ. ಹುಣ್ಣನ್ನು ತಿಂಗಳುಗಟ್ಟಲೆ ಪಂಚೆಯ ಮರೆಯಲ್ಲಿ ಮುಚ್ಚಿಟ್ಟುಕೊಂಡವನು ಆಸ್ಪತ್ರೆ ತಲುಪುವ ಹೊತ್ತಿಗೆ ತೊಡೆಸಂದಿನಲ್ಲಿ ಗಂಟು ಎದ್ದಿರುತ್ತದೆ. ಆತ ಎಷ್ಟು ಕಾಲ ಬದುಕಬಹುದೆಂಬ ಮುನ್ನೋಟಕ್ಕೆ ಆ ಗಂಟಿನಷ್ಟು ಗಟ್ಟಿಯಾದ ಸೂಚನೆ ಮತ್ತೊಂದಿಲ್ಲ.

ಕಿದ್ವಾಯಿ ಬಾಗಿಲು ತೆರೆದ ಕಾಲಕ್ಕೆ ವೈದ್ಯರ ಕೈಯಲ್ಲಿದ್ದ ಸಲಕರಣೆ ಕಡಿಮೆ. ವೃಷಣದ ಹಾರ್ಮೋನು ನಿಂತರೆ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆಂದು ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದ್ದರು. ಆ ಕೆಲಸಕ್ಕೆ 1966ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ 1966ರಲ್ಲಿ ಡೊನಾಲ್ಡ್ ಗ್ಲೀಸನ್, ಸೂಕ್ಷ್ಮದರ್ಶಕದಡಿ ಕಾಣುವ ಗ್ರಂಥಿಗಳ ವಿನ್ಯಾಸ ನೋಡಿ ಅಂಕ ಕೊಡುವ ಪದ್ಧತಿಯನ್ನು ಪ್ರಕಟಿಸಿದರು. ವಿನ್ಯಾಸ ಕೆಟ್ಟಷ್ಟೂ ಅಂಕ ಏರುತ್ತದೆ, ಆಯುಸ್ಸಿನ ಅಂದಾಜು ಇಳಿಯುತ್ತದೆ. ಬೇಕಾದದ್ದು ಒಂದು ಗಾಜಿನ ತುಣುಕು, ಬಣ್ಣ, ಪಳಗಿದ ಕಣ್ಣು ಅಷ್ಟೆ. ಆದ್ದರಿಂದಲೇ ಅದು ಬಡ ದೇಶದ ಪ್ರಯೋಗಾಲಯಕ್ಕೂ ಒಗ್ಗಿತು, ಅರ್ಧ ಶತಮಾನ ದಾಟಿಯೂ ಉಳಿದಿದೆ.

ಹಗಿನ್ಸ್ ಅವರ ಕಾಣ್ಕೆ ಇಲ್ಲಿ ಎರಡು ದಾರಿ ಹಿಡಿಯಿತು. ಹಾರ್ಮೋನು ತಡೆಯುವ ಚುಚ್ಚುಮದ್ದು 1980ರ ದಶಕದಲ್ಲಿ ಬಂತು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಬದುಕಿರುವಷ್ಟು ಕಾಲ ಅದನ್ನು ಹಾಕಿಸಿಕೊಳ್ಳಬೇಕು. ಇನ್ನೊಂದು ದಾರಿ ಎರಡೂ ವೃಷಣ ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ, ಒಮ್ಮೆ ಮಾಡಿದರೆ ಮುಗಿಯಿತು. ಊರಿಗೂ ಆಸ್ಪತ್ರೆಗೂ ನಾನೂರು ಕಿಲೋಮೀಟರು ಇರುವ ರೈತನಿಗೆ ಈ ಎರಡರ ನಡುವಣ ವ್ಯತ್ಯಾಸ ಔಷಧಿಯ ಬೆಲೆಯಲ್ಲಿ ಮುಗಿಯುವುದಿಲ್ಲ. ಬಸ್ ಚಾರ್ಜು, ಜೊತೆಗೆ ಬರುವ ಮಗನ ಕೂಲಿ, ಉಳಿದುಕೊಳ್ಳುವ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇನ್ಫೊಸಿಸ್ ಪ್ರತಿಷ್ಠಾನ ಕಿದ್ವಾಯಿ ಆವರಣದಲ್ಲಿ ಕಟ್ಟಿಸಿದ ಧರ್ಮಶಾಲೆಯನ್ನು ಚಿಕಿತ್ಸೆಯ ಚರಿತ್ರೆಯೊಳಗೇ ಸೇರಿಸಬೇಕು. ತಂಗಲು ಸೂರಿಲ್ಲದವನು ವಾರಗಟ್ಟಲೆ ಸಾಗುವ ವಿಕಿರಣ ಚಿಕಿತ್ಸೆಯನ್ನು ಪೂರ್ತಿ ಮಾಡಿಸಿಕೊಳ್ಳಲಾರ.

ವೃಷಣದ ಕ್ಯಾನ್ಸರಿನ ಕತೆ ಈ ಐದರಲ್ಲಿ ಅತ್ಯಂತ ಸಂತೋಷದ್ದು. ಲಾರೆನ್ಸ್ ಐನ್‌ಹಾರ್ನ್ ಮತ್ತು ಜಾನ್ ಡೊನೊಹ್ಯೂ 1977ರಲ್ಲಿ ಸಿಸ್‌ಪ್ಲಾಟಿನ್ ಸೇರಿದ ಔಷಧಿ ಮಿಶ್ರಣದ ಫಲಿತಾಂಶ ಪ್ರಕಟಿಸಿದ ಮೇಲೆ, ಮೈಯೆಲ್ಲ ಹರಡಿದ ಮೇಲೂ ಗುಣವಾಗುವ ಕ್ಯಾನ್ಸರ್ ಎಂಬ ಹೆಸರು ಇದಕ್ಕೆ ಬಂತು. 1997ರಲ್ಲಿ ಹಲವು ದೇಶಗಳ 5,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಒಟ್ಟುಗೂಡಿಸಿ, ಮುನ್ನೋಟ ಒಳ್ಳೆಯದು, ಮಧ್ಯಮ, ಕೆಟ್ಟದ್ದು ಎಂದು ಮೂರು ಗುಂಪು ಮಾಡಿದರು. ಗಡ್ಡೆ ಎಲ್ಲಿ ಹುಟ್ಟಿತು, ಯಾವ ಅಂಗಕ್ಕೆ ಹರಡಿತು, ರಕ್ತದಲ್ಲಿ ಮೂರು ಸೂಚಕಗಳು ಎಷ್ಟಿವೆ ಎಂಬುದರ ಮೇಲೆ ಗುಂಪು ನಿರ್ಧಾರವಾಗುತ್ತದೆ. ಸೆಮಿನೋಮಾ ಎಂಬ ಬಗೆಯನ್ನು ಬಿಟ್ಟು ಉಳಿದ ವೃಷಣದ ಗಡ್ಡೆಗಳಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಆಗ ಕ್ರಮವಾಗಿ ನೂರಕ್ಕೆ 92, 80, 48 ಇತ್ತು. 2021ರಲ್ಲಿ ಹೊಸ ರೋಗಿಗಳನ್ನಿಟ್ಟು ಲೆಕ್ಕ ಹಾಕಿದಾಗ ಅದು 96, 89, 67ಕ್ಕೆ ಏರಿತ್ತು. ಗುಂಪು ಮಾಡುವ ನಿಯಮ ಅದೇ, ಬದಲಾದದ್ದು ಆರೈಕೆ. ಅಂದರೆ ಮುನ್ನೋಟದ ಕೋಷ್ಟಕ ಹಣೆಬರಹದಂತೆ ಒಮ್ಮೆ ಬರೆದಿಟ್ಟದ್ದಲ್ಲ, ಆಯಾ ಕಾಲದ, ಆಯಾ ಊರಿನ ಆಸ್ಪತ್ರೆ ಏನು ಮಾಡಬಲ್ಲದೆಂಬುದರ ದಾಖಲೆ.

ಹಾಗಿದ್ದ ಮೇಲೆ ಬೆಂಗಳೂರಿಗೆ ಬೆಂಗಳೂರಿನದೇ ದಾಖಲೆ ಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರ ಜನವರಿ 1ರಿಂದ ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ಜನಸಂಖ್ಯೆ ಆಧಾರಿತ ನೋಂದಣಿ ಶುರುವಾಯಿತು. ಬೆಂಗಳೂರಿನ ನೋಂದಣಿಗೆ ನೆಲೆ ಕಿದ್ವಾಯಿ. ಆಸ್ಪತ್ರೆಗಳು ತಾವಾಗಿ ವರದಿ ಕಳಿಸುವವರೆಗೆ ಕಾದರೆ ಕೆಲಸವಾಗುವ ಹಾಗಿರಲಿಲ್ಲ. ನೋಂದಣಿಯ ಸಿಬ್ಬಂದಿಯೇ ನಗರದ ಆಸ್ಪತ್ರೆ, ನರ್ಸಿಂಗ್ ಹೋಂ, ಬಯಾಪ್ಸಿ ಪ್ರಯೋಗಾಲಯಗಳಿಗೆ ಹೋಗಿ ಕಡತ ತೆರೆದು ಬರೆದುಕೊಂಡು ಬರುತ್ತಿದ್ದರು. ಪಾಲಿಕೆಯ ಮರಣ ದಾಖಲೆಗಳನ್ನೂ ತಿರುವಿಹಾಕುತ್ತಿದ್ದರು. ಒಬ್ಬನೇ ರೋಗಿ ಮೂರು ಕಡೆ ತೋರಿಸಿಕೊಂಡಿದ್ದರೆ ಮೂರು ಹೆಸರನ್ನು ಒಂದಾಗಿಸಬೇಕು. ಅಪ್ಪನ ಹೆಸರು ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು, ಮತ್ತೊಂದು ಕಡೆ ಊರಿನ ಹೆಸರು ಮುಂದೆ. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರೆಲ್ಲ ಇರುವ ನಗರದಲ್ಲಿ ಇದು ಸಣ್ಣ ಕೆಲಸವಲ್ಲ. ಈ ಗುಮಾಸ್ತಿಕೆಯ ತಾಳ್ಮೆಯೇ ದಕ್ಷಿಣ ಬೆಂಗಳೂರು ಕ್ಯಾನ್ಸರ್ ವಿಜ್ಞಾನಕ್ಕೆ ಕೊಟ್ಟ ದೊಡ್ಡ ಕೊಡುಗೆ.

ಯಾರು ಬೆಂಗಳೂರಿನವರು ಎಂಬುದಕ್ಕೂ ನಿಯಮವಿದೆ. ನೋಂದಣಿಯ ವ್ಯಾಪ್ತಿಯೊಳಗೆ ಕನಿಷ್ಠ ಒಂದು ವರ್ಷ ವಾಸವಿದ್ದವರು ಮಾತ್ರ ಈ ಲೆಕ್ಕಕ್ಕೆ ಬರುತ್ತಾರೆ. ಬಿಟಿಎಂ ಲೇಔಟಿನ ಪಿ.ಜಿ.ಗೆ ಆರು ತಿಂಗಳ ಹಿಂದೆ ಬಂದ ಹುಡುಗನ ವೃಷಣದ ಗಡ್ಡೆ ಬೆಂಗಳೂರಿನದಲ್ಲ. ಧರ್ಮಶಾಲೆಯಲ್ಲಿ ಉಳಿದ ರಾಯಚೂರಿನ ಅಜ್ಜನ ಪ್ರಾಸ್ಟೇಟೂ ಅಲ್ಲ. ಇಂಥವರಿಗಾಗಿ ಕಿದ್ವಾಯಿಯಲ್ಲೇ ಆಸ್ಪತ್ರೆ ಆಧಾರಿತ ನೋಂದಣಿ ಪ್ರತ್ಯೇಕವಾಗಿದೆ. ಮೊದಲನೆಯದು ಊರಿನಲ್ಲಿ ಕಾಯಿಲೆ ಎಷ್ಟಿದೆ ಎಂದು ಹೇಳುತ್ತದೆ, ಎರಡನೆಯದು ಬಂದವರು ಯಾವ ಹಂತದಲ್ಲಿ ಬಂದರು, ಏನು ಚಿಕಿತ್ಸೆ ಪಡೆದರು ಎಂದು.

ಮುನ್ನೋಟಕ್ಕೆ ಇವೆರಡೂ ಸಾಲವು. ಮುಂದೇನಾಯಿತೆಂದು ತಿಳಿಯಬೇಕು. ಪಾಶ್ಚಾತ್ಯ ದೇಶಗಳಲ್ಲಿ ರೋಗಿಯ ಹೆಸರನ್ನು ರಾಷ್ಟ್ರೀಯ ಮರಣ ಪಟ್ಟಿಯ ಜೊತೆ ತಾಳೆ ನೋಡಿದರೆ ಸಾಕು. ಇಲ್ಲಿ ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿದ್ದರೂ, ಮರಣ ಪತ್ರದಲ್ಲಿ ‘ಹೃದಯ ನಿಂತು ಸಾವು’ ಎಂದಷ್ಟೇ ಬರೆದಿರುವುದು ಸಾಮಾನ್ಯ. ಹಾಗಾಗಿ ಕಾಗದ ಬರೆಯುವುದು, ವಿಳಾಸ ಹುಡುಕಿ ಮನೆಗೇ ಹೋಗಿ ವಿಚಾರಿಸುವುದು ಅನಿವಾರ್ಯವಾಯಿತು. ಮೇನು, ಕ್ರಾಸು, ಬ್ಲಾಕು ಅಚ್ಚುಕಟ್ಟಾಗಿರುವ ಜಯನಗರದಲ್ಲಿ ಮನೆ ಸಿಕ್ಕೀತು. ಬೈರಸಂದ್ರ, ತಾವರೆಕೆರೆ, ಮಡಿವಾಳದಂಥ ಹಳೆಯ ಹಳ್ಳಿಯ ಗಲ್ಲಿಗಳಲ್ಲಿ, ಬಾಡಿಗೆಗಿದ್ದು ಹೋದವರ ಜಾಡು ಹಿಡಿಯುವುದು ಕಷ್ಟ. ಇಂಥ ಹುಡುಕಾಟದಿಂದ ಸಿಕ್ಕ ಉಳಿವಿನ ಅಂಕಿಗಳು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1998ರಲ್ಲಿ ಹೊರತಂದ, ಅಭಿವೃದ್ಧಿಶೀಲ ದೇಶಗಳ ಕ್ಯಾನ್ಸರ್ ಉಳಿವಿನ ಸಂಪುಟದಲ್ಲಿ ಸೇರಿದವು. ಭಾರತದಿಂದ ಬೆಂಗಳೂರಿನ ಜೊತೆಗಿದ್ದವು ಮುಂಬೈ, ಚೆನ್ನೈ ಮತ್ತು ಮಹಾರಾಷ್ಟ್ರದ ಬಾರ್ಶಿ. ಬೆಂಗಳೂರಿನ ನೋಂದಣಿಯನ್ನು ಬೆಳೆಸಿದ ಡಾ. ಎ. ನಂದಕುಮಾರ್ ಮುಂದೆ ರಾಷ್ಟ್ರೀಯ ಕಾರ್ಯಕ್ರಮದ ಹೊಣೆ ಹೊತ್ತರು. ಅದರ ಕೇಂದ್ರವೂ ಬೆಂಗಳೂರಿನಲ್ಲೇ ನೆಲೆಯಾಯಿತು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಉಳಿವಿನ ರೇಖೆ ಎಳೆಯಲು 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ಕೊಟ್ಟ ಸೂತ್ರವೇ ಇಂದಿಗೂ ಬಳಕೆಯಲ್ಲಿದೆ. ಸಂಪರ್ಕಕ್ಕೆ ಸಿಗದವರ ಗತಿಯೂ ಸಿಕ್ಕವರ ಗತಿಯಂತೆಯೇ ಇರುತ್ತದೆಂದು ಅದು ಒಪ್ಪಿಕೊಂಡು ಮುಂದುವರಿಯುತ್ತದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಯಲ್ಲಿ ಈ ಊಹೆ ನಿಲ್ಲುವುದಿಲ್ಲ. ಗುಣವಾದವನು ತಪಾಸಣೆಗೆ ಬರುತ್ತಾನೆ. ಹಣ ಮುಗಿದವನು, ನೋವು ಹೆಚ್ಚಾದವನು ಊರಿಗೆ ಹೋಗಿ ಅಲ್ಲೇ ಕಣ್ಮುಚ್ಚುತ್ತಾನೆ, ಅವನ ಕಡತ ಕೊನೆಯ ಭೇಟಿಯ ತಾರೀಖಿನಲ್ಲಿ ನಿಂತುಬಿಡುತ್ತದೆ. ಅವನನ್ನು ಬಿಟ್ಟು ಎಳೆದ ರೇಖೆ ನಿಜಕ್ಕಿಂತ ಹಸನಾಗಿ ಕಾಣುತ್ತದೆ. ಹಾಗಾಗಿ ವಯಸ್ಸು, ಹಂತ, ಊರಿನ ದೂರ ಮುಂತಾದವನ್ನು ಹಿಡಿದು, ಕಾಣೆಯಾದವರ ಪಾಲನ್ನು ತಿದ್ದಿ ಲೆಕ್ಕ ಹಾಕುವ ವಿಧಾನ ಭಾರತದ ನೋಂದಣಿಗಳಲ್ಲಿ ಬೆಳೆಯಿತು.

ಅತ್ತ ಕಿದ್ವಾಯಿಯ ಸುತ್ತಲಿನ ಪ್ರದೇಶವೂ ಬದಲಾಯಿತು. 1948ರಲ್ಲಿ ಅಡಿಗಲ್ಲು ಕಂಡ ಜಯನಗರಕ್ಕೆ ನೌಕರಿಯ ವಯಸ್ಸಿನಲ್ಲಿ ಬಂದು ಮನೆ ಕಟ್ಟಿಕೊಂಡವರು ಎಂಬತ್ತರ ಅಂಚು ಮುಟ್ಟಿದರು. ಬನಶಂಕರಿ, ಜೆ.ಪಿ. ನಗರಗಳದ್ದೂ ಅದೇ ದಾರಿ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ ಚಿಕಿತ್ಸೆಯ ನಿಗಾಕ್ಕೆ, 1994ರಲ್ಲಿ ರೋಗ ಪತ್ತೆಗೆ ಒಪ್ಪಿಗೆ ಸಿಕ್ಕಿತ್ತು. ಇಲ್ಲಿಯ ಖಾಸಗಿ ಲ್ಯಾಬುಗಳ ತಪಾಸಣಾ ಪ್ಯಾಕೇಜುಗಳಿಗೆ ಅದು ಸೇರಿಕೊಂಡಿತು. ನಗರದ ನೋಂದಣಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಏರುತ್ತಾ ಬಂದದ್ದಕ್ಕೆ ಮುಪ್ಪೂ ಪರೀಕ್ಷೆಯೂ ಎರಡೂ ಕಾರಣ. ಪದ್ಮನಾಭನಗರದಲ್ಲಿ ಮೂತ್ರಾಂಗಗಳಿಗೇ ಮೀಸಲಾದ ಎನ್‌ಯು ಆಸ್ಪತ್ರೆ, ಶಂಕರಪುರದಲ್ಲಿ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯಲ್ಲಿ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳು ಬಂದವು. ಒಂದೇ ಕಾಯಿಲೆಗೆ ಐದಾರು ಕಿಲೋಮೀಟರಿನೊಳಗೆ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯೂ ಇದೆ, ಬೆಳಗಿನ ಜಾವ ಚೀಟಿಗೆ ನಿಲ್ಲುವ ಸಾಲೂ ಇದೆ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಚಿಕಿತ್ಸಾ ಯೋಜನೆಗಳು ಈ ಅಂತರವನ್ನು ಸ್ವಲ್ಪ ಕಿರಿದಾಗಿಸಿದವು.

ಹೊರಗಿನ ಕೋಷ್ಟಕ ಇಲ್ಲಿಗೆ ಪೂರ್ತಿ ಹೊಂದದಿರುವುದಕ್ಕೆ ಮೂತ್ರಕೋಶವೇ ಸಾಕ್ಷಿ. ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ಒಂಬತ್ತು ರೋಗಿಗಳ ಮೂತ್ರಕೋಶದೊಳಗೆ ಕ್ಷಯದ ಬಿಸಿಜಿ ಲಸಿಕೆ ಬಿಟ್ಟು, ಗಡ್ಡೆ ಮರುಕಳಿಸುವುದು ತಗ್ಗಿತೆಂದು ವರದಿ ಮಾಡಿದರು. ವಾರಕ್ಕೊಮ್ಮೆ ಆರು ವಾರ, ಆಮೇಲೆ ಮೂರು ವರ್ಷದವರೆಗೆ ಆಗಾಗ ಕೊಡುವ ಕ್ರಮ ನೆಲೆಗೊಂಡಿತು. ಈ ಬಿಸಿಜಿ ತಯಾರಿಸುತ್ತಿದ್ದ ಟೊರಾಂಟೊದ ಕಾರ್ಖಾನೆಗೆ ತೊಂದರೆಯಾಗಿ 2012ರಿಂದ ಜಗತ್ತಿನ ಹಲವೆಡೆ ಅಭಾವ ತಲೆದೋರಿತು. ಭಾರತದಲ್ಲಿ ಪುಣೆಯ ಸೀರಮ್ ಸಂಸ್ಥೆ ಈ ಬಳಕೆಗೆಂದೇ ಬಿಸಿಜಿ ತಯಾರಿಸುತ್ತದೆ. ಗಡ್ಡೆ ಮರುಕಳಿಸುವ ಸಂಭವ ಹೇಳಲು 2006ರ ಯುರೋಪಿನ ಕೋಷ್ಟಕ ಹೆಸರುವಾಸಿ. ಅದರ 2,596 ರೋಗಿಗಳಲ್ಲಿ ಬಿಸಿಜಿ ಪಡೆದವರು ಬರೀ 171. ಬಿಸಿಜಿಯನ್ನೇ ನೆಚ್ಚಿಕೊಂಡ ಕಡೆ ಅದು ಅಪಾಯವನ್ನು ಹೆಚ್ಚು ಮಾಡಿ ಹೇಳುತ್ತದೆ. ಅದೇ ಕೋಷ್ಟಕ, ಮೂರನೆಯ ವಾರಕ್ಕೆ ಚಿಕಿತ್ಸೆ ಬಿಟ್ಟು ಊರಿಗೆ ಮರಳಿದವನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಂದು ಕಡತದ ಜಾಗಕ್ಕೆ ಕಂಪ್ಯೂಟರ್, ಕಾಗದದ ಜಾಗಕ್ಕೆ ಫೋನ್ ಬಂದಿವೆ. ಪ್ರಾಸ್ಟೇಟಿಗೆ ಸಿ61, ವೃಷಣಕ್ಕೆ ಸಿ62, ಮೂತ್ರಪಿಂಡಕ್ಕೆ ಸಿ64, ಮೂತ್ರಕೋಶಕ್ಕೆ ಸಿ67 ಎಂಬ ಸಂಕೇತಗಳು ಜಗತ್ತಿನಾದ್ಯಂತ ಒಂದೇ. ಅವುಗಳ ಪಕ್ಕದಲ್ಲಿ ರೋಗಿಯ ಈಗಿನ ಸ್ಥಿತಿ ಬರೆಯುವ ಕಾಲಮು ತುಂಬಬೇಕಾದರೆ, ಡೇರಿ ಸರ್ಕಲ್ಲಿನಿಂದ ಯಾರೋ ಒಬ್ಬರು ಇವತ್ತಿಗೂ ಕರೆ ಮಾಡಿ, ಅತ್ತ ಎತ್ತಿಕೊಂಡ ಮಗನನ್ನೋ ಸೊಸೆಯನ್ನೋ ‘ಯಜಮಾನರು ಹೇಗಿದ್ದಾರೆ’ ಎಂದು ಕೇಳಬೇಕು.