ಕಂಪನಿ ಕೊಟ್ಟ ಮಾತು | ನಮ್ಮೂರ ಚರಿತ್ರೆ, ಭಾಗ 6

ದೋಸ್ತರೇ, ಬೈಲಹೊಂಗಲದಾಗ ಕಿತ್ತೂರು ಚೆನ್ನಮ್ಮನ ಸಮಾಧಿ ಐತಿ ಅನ್ನೋದು ನಿಮಗೆಲ್ಲ ಗೊತ್ತು. ಆದ್ರೆ ಆಕಿ ಕಾದಾಡಿದ್ದು ಯಾವ ರಾಜನ ಜೊತೆಗೂ ಅಲ್ಲ, ಒಂದು ಕಂಪನಿ ಜೊತೆಗೆ. ಇದನ್ನ ಪರೀಕ್ಷೆಗೆ ಬರೆದು ಮರೆತುಬಿಡ್ತೀವಿ.

ಈಸ್ಟ್ ಇಂಡಿಯಾ ಕಂಪನಿ 1600ರಲ್ಲಿ ವ್ಯಾಪಾರಕ್ಕಂತ ಹುಟ್ಟಿದ್ದು. ಷೇರುದಾರರಿದ್ದರು, ಲಾಭದ ಲೆಕ್ಕ ಇತ್ತು, ಮುಂದೆ ಸೈನ್ಯವೂ ಬಂತು. ಕಿತ್ತೂರಿನ ದತ್ತು ಮಗನನ್ನು ಅದು ಒಪ್ಪಲಿಲ್ಲ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಎಲಿಯಟ್, ಸ್ಟೀವನ್‌ಸನ್ ಅನ್ನೋ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಯುದ್ಧ ನಿಲ್ಲಿಸ್ತೀವಿ ಅನ್ನೋ ಕಮಿಷನರ್ ಚಾಪ್ಲಿನ್‌ನ ಮಾತು ನಂಬಿ ರಾಣಿ ಅವರನ್ನ ಬಿಟ್ಟು ಕಳಿಸಿದಳು ಅಂತ ಓದಿಕೊಂಡು ಬಂದೀವಿ. ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ಸೈನ್ಯ ಬಂತು, ಕಿತ್ತೂರು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು 1829ರಲ್ಲಿ ತೀರಿಕೊಂಡಳು.

ಈಗ ಹೇಳ್ರಿ, ಕಂಪನಿ ಮಾತಿಗೆ ತಪ್ಪಿದ್ರೆ ಆಕಿ ದೂರು ಕೊಡೋದು ಯಾರಿಗೆ? ಮಾತು ಕೊಟ್ಟವರೂ ಅವರೇ, ತೀರ್ಪು ಕೊಡೋರೂ ಅವರೇ.

ಈ ಪ್ರಶ್ನೆ ಇಟ್ಕೊಂಡು ಕೈಯಾಗಿನ ಫೋನ್ ನೋಡ್ರಿ. 2014ರಲ್ಲಿ ಫೇಸ್‌ಬುಕ್ ವಾಟ್ಸಾಪ್ ಕೊಂಡಾಗ, ನಿಮ್ಮ ಖಾಸಗಿತನಕ್ಕೆ ಏನೂ ಆಗಲ್ಲ ಅಂತ ಭರವಸೆ ಸಿಕ್ಕಿತ್ತು. 2016ರಲ್ಲಿ ನಿಯಮ ಬದಲಾಯ್ತು, ನಮ್ಮ ನಂಬರ್ ಫೇಸ್‌ಬುಕ್‌ಗೂ ಹೋಗೋ ದಾರಿ ತೆರೀತು. 2021ರ ಜನವರಿಯಲ್ಲಿ ಹೊಸ ನಿಯಮ ಬಂತು: ಒಪ್ಪಿಕೊಳ್ರಿ, ಇಲ್ಲಾಂದ್ರೆ ಬಿಡ್ರಿ. ಅದೇ ವರ್ಷ ಮಾರ್ಚ್‌ನಲ್ಲಿ ಅದೇ ಫೇಸ್‌ಬುಕ್, ವಿಶ್ವಸಂಸ್ಥೆಯ 2011ರ ಮಾರ್ಗಸೂಚಿಯಂತೆ ಮಾನವ ಹಕ್ಕುಗಳನ್ನ ಗೌರವಿಸ್ತೀವಿ ಅಂತ ತನ್ನ ನೀತಿ ಪ್ರಕಟಿಸಿತು!

ಇದು ಸೈನ್ಯ ತಂದ ಕಂಪನಿ ಅಲ್ಲ, ಖರೆ. ಆದ್ರೆ ಎರಡೂ ಕಾಲಕ್ಕೆ ಒಂದೇ ಪಾಠ: ತನಗೆ ತಾನೇ ಹಾಕಿಕೊಂಡ ಷರತ್ತನ್ನ ಕಂಪನಿ ತಾನೇ ತೆಗೆದುಹಾಕಬಹುದು. ಹೊರಗೆ ನಿಂತು ಕೇಳೋರು ಬೇಕು.

ಚೆನ್ನಮ್ಮನಿಗೆ ಇಲ್ಲದ್ದು ನಮಗೆ ಇರೋದು ಇಲ್ಲೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಆಯ್ತು. 2024ರ ನವೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ವಾಟ್ಸಾಪ್‌ನ ಆ 'ಒಪ್ಪು, ಇಲ್ಲಾ ಬಿಡು' ನಿಯಮಕ್ಕಾಗಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿಗೆ ಹೋಯ್ತು. ಹೋಗಲಿ ಬಿಡ್ರಿ, ಉತ್ತರ ಕೊಡಬೇಕಾಯ್ತಲ್ಲ, ಅದು ಮುಖ್ಯ.

ಮುಂದಿನ ಸಲ ಯಾವುದೇ ಆ್ಯಪ್ 'ನಿಮ್ಮ ಹಕ್ಕು ನಮಗೆ ಮುಖ್ಯ' ಅಂದ್ರೆ ಒಂದೇ ಪ್ರಶ್ನೆ ಕೇಳ್ರಿ: ಮಾತು ತಪ್ಪಿದ್ರೆ ನಾನು ಯಾರ ಹತ್ರ ಹೋಗ್ಲಿ?

#ನಮ್ಮೂರಚರಿತ್ರೆ #ಬೈಲಹೊಂಗಲ #ಕಿತ್ತೂರುಚೆನ್ನಮ್ಮ