ಬೆನ್ನೀರಿನ ತೀರ್ಥಗಳೂ ನಮ್ಮ ಸೀಮೆಯ ಯಾತ್ರಿಕರೂ

ನಮ್ಮ ಸೀಮೆಗೆ ನೀರಿನ ಬಡತನ ಉಂಟೆಂದು ಹೇಳುವವರು ಬಹಳ. ತೀರ್ಥಗಳ ಬಡತನ ಉಂಟೆಂದು ಯಾರೂ ಹೇಳಲಾರರು. ಭೀಮೆಯು ಕೃಷ್ಣೆಯನ್ನು ಕೂಡುವ ಸಂಗಮ ನಮ್ಮ ಕೃಷ್ಣಾ ಮಂಡಲದಲ್ಲಿದೆ. ಮಕ್ತಲದ ಕಡೆಯಿಂದ ಹೊಳೆ ದಾಟಿದರೆ ಶ್ರೀಪಾದ ಶ್ರೀವಲ್ಲಭರ ಕುರುವಪುರ. ಗದ್ವಾಲದಿಂದ ನಡಿಗಡ್ಡೆಯ ತುದಿಯವರೆಗೆ ಹೋದರೆ ತುಂಗಭದ್ರೆಯ ದಂಡೆಯ ಅಲಂಪುರ. ಆದರೆ ಇವೆಲ್ಲವೂ ತಣ್ಣೀರಿನ ತೀರ್ಥಗಳು. ಮಾಗಿಯ ಬೆಳಗಿನಲ್ಲಿ ಕೃಷ್ಣೆಗೆ ಇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೆಲದಿಂದ ತಾನಾಗಿ ಬಿಸಿಯಾಗಿ ಉಕ್ಕುವ ಕುಂಡದಲ್ಲಿ ಮೀಯಬೇಕೆಂದರೆ ನಮ್ಮವರು ಊರು ಬಿಟ್ಟು ಹೊರಡಲೇಬೇಕು. ಹಾಗೆ ಹೊರಟವರು ಎಲ್ಲಿಗೆ ಹೋದರು, ಯಾವ ಕುಂಡವನ್ನು ಆರಿಸಿಕೊಂಡರು, ಏಕೆ ಎಂಬುದನ್ನು ನಮ್ಮ ಸಂಘದ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಕುಂಡಗಳು ನಮ್ಮಲ್ಲಿಲ್ಲದಿರುವುದಕ್ಕೆ ಕಾರಣ ಕಾಲ ಕೆಳಗಿನ ಬಂಡೆಯಲ್ಲಿದೆ. ಇದು ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯ ಗಟ್ಟಿ ಗ್ರಾನೈಟು ನೆಲ. ಮಳೆಯ ನೀರು ಬಹಳ ಆಳಕ್ಕೆ ಇಳಿದು, ಅಲ್ಲಿಯ ಶಾಖಕ್ಕೆ ಕಾದು, ಆರುವ ಮೊದಲೇ ಮೇಲೇರಬೇಕಾದರೆ ದೊಡ್ಡ ಬಿರುಕುಗಳು ಬೇಕು. ಸಹ್ಯಾದ್ರಿಯ ಪಡುವಣ ತಪ್ಪಲಿನಲ್ಲಿ, ಠಾಣೆಯಿಂದ ರತ್ನಾಗಿರಿಯ ರಾಜಾಪುರದವರೆಗೆ, ಅಂಥ ಬಿರುಕುಗಳ ಗುಂಟ ಬಿಸಿನೀರಿನ ಒರತೆಗಳ ಸಾಲೇ ಇದೆ. ಅಡಿಯಲ್ಲಿ ಜ್ವಾಲಾಮುಖಿ ಉರಿಯುತ್ತಿದೆಯೆಂದು ನಂಬುವವರು ಇಂದಿಗೂ ಉಂಟು. ದಖ್ಖನಿನ ಲಾವಾ ಹರಿದು ಆರಿ ಆರು ಕೋಟಿ ವರ್ಷಗಳು ಮೀರಿದವು. ಭೂವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಂ ಸಿದ್ಧಪಡಿಸಿ, ಅವರ ಮಗ ೧೮೮೦ರ ದಶಕದಲ್ಲಿ ಪ್ರಕಟಿಸಿದ ಪಟ್ಟಿಯಲ್ಲೇ ಭಾರತದ ಸುಮಾರು ೩೦೦ ಒರತೆಗಳು ದಾಖಲಾಗಿದ್ದವು.

ಕರ್ನಾಟಕದ ಪಾಲಿಗೆ ಬಂದದ್ದು ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ನಮ್ಮ ಹಳಗನ್ನಡದ ಬೆನ್ನೀರ್ ಅದರ ಒಡಹುಟ್ಟು. ಸೀರೆ ಹೊಳೆಯ ಪಕ್ಕದಲ್ಲಿರುವ ಆ ಕೊಳದ ನೀರಿನ ಶಾಖ ಮೈಶಾಖದ ಆಸುಪಾಸಿನದು. ೧೯೫೬ರ ನವೆಂಬರ್ ೧ರವರೆಗೆ ಗದ್ವಾಲ, ಅಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವೆಂಬುದು ನಮ್ಮ ಹಿರಿಯರಿಗೆ ನೆನಪಿದೆ. ಅಂದು ಗೆರೆಯನ್ನು ಬೇರೆಯಾಗಿ ಎಳೆದಿದ್ದರೆ ಗದ್ವಾಲದವರಿಗೆ ಸ್ವಂತ ರಾಜ್ಯದ ಬಿಸಿನೀರು ಪುತ್ತೂರಿನಲ್ಲಿರುತ್ತಿತ್ತು. ಈಗ ಅದು ಗೋದಾವರಿ ಕಣಿವೆಯ ಮಣುಗೂರಿನಲ್ಲಿದೆ. ಅಲ್ಲಿಯ ಪಗಿಡೇರಿನಲ್ಲಿ ಕಲ್ಲಿದ್ದಲು ಹುಡುಕಲು ಕೊರೆದ ಬಾವಿಯಿಂದ ಉಕ್ಕಿದ ಬಿಸಿನೀರನ್ನು ಬಳಸಿ ಸಿಂಗರೇಣಿ ಸಂಸ್ಥೆಯವರು ೨೦ ಕಿಲೋವ್ಯಾಟಿನ ಪುಟ್ಟ ವಿದ್ಯುತ್ ಘಟಕವನ್ನೇ ಕಟ್ಟಿದ್ದಾರೆ.

ಆದರೆ ನಮ್ಮ ಜನ ಹೋದದ್ದು ಪುತ್ತೂರಿಗೂ ಅಲ್ಲ, ಮಣುಗೂರಿಗೂ ಅಲ್ಲ. ದಾರಿಯನ್ನು ನಿರ್ಧರಿಸಿದ್ದು ರೈಲು ಮತ್ತು ಹೊಟ್ಟೆಪಾಡು. ನಮ್ಮ ಕಡೆಯ ನೇಕಾರರು ಸೊಲ್ಲಾಪುರಕ್ಕೂ ಭಿವಂಡಿಯ ಪವರ್‌ಲೂಮುಗಳಿಗೂ ಹೋದರು. ಪಾಲಮೂರಿನ ಕೂಲಿಗಳು ಮುಂಬಯಿಯ ಕಟ್ಟಡಗಳಿಗೆ ಹೋದರು. ಆ ಭಿವಂಡಿ ತಾಲೂಕಿನಲ್ಲೇ, ತಾನಸಾ ನದಿಯ ದಂಡೆಯಲ್ಲಿ, ವಜ್ರೇಶ್ವರಿ, ಅಕಲೋಲಿ, ಗಣೇಶಪುರಿಗಳ ಕುಂಡಗಳಿವೆ. ಹೀಗೆ ತೀರ್ಥಯಾತ್ರೆಯ ಪುಸ್ತಕ ಓದಿ ಅಲ್ಲ, ದುಡಿಯಲು ಹೋದ ಮಕ್ಕಳ ಕಾಗದ ಓದಿ ನಮ್ಮ ತಾಯಂದಿರು ಬಿಸಿನೀರಿನ ಸುದ್ದಿ ತಿಳಿದರು.

೧೯೮೬ರ ಸಂಕ್ರಾಂತಿ ಕಳೆದ ಮೇಲೆ ನಾನು ಅವ್ವನನ್ನು ಕರೆದುಕೊಂಡು ಹೊರಟೆ. ಮೊಣಕಾಲಿನ ನೋವಿನಿಂದ ಆಕೆ ನೆಲದ ಮೇಲೆ ಕೂತು ಏಳಲಾರದವಳಾಗಿದ್ದಳು. ನಮ್ಮ ಹೊಲದಲ್ಲಿ ಕಳೆ ಕೀಳಲು ಬರುತ್ತಿದ್ದ ಕೇರಿಯ ಮುದುಕಿಯೊಬ್ಬಳು ಮುಂಬಯಿಯಲ್ಲಿ ಕೂಲಿಗಿದ್ದ ಮಗನನ್ನು ನೋಡಬೇಕೆಂದು ಜೊತೆಗೂಡಿದಳು. ಅವ್ವನದು ಕಟ್ಟುನಿಟ್ಟಿನ ಮಡಿ. ಊರ ಹೊಳೆಯಲ್ಲಿ ಯಾರು ಯಾವ ಕಲ್ಲಿನ ಬಳಿ ಇಳಿಯಬೇಕು, ಯಾರು ಪ್ರವಾಹದ ಕೆಳಗೆ ನಿಲ್ಲಬೇಕು ಎಂಬ ಲೆಕ್ಕವನ್ನು ನಾನು ಬಾಲ್ಯದಿಂದ ಕಂಡಿದ್ದೆ. ರಾಯಚೂರಿನಲ್ಲಿ ರೈಲು ಹತ್ತಿ, ಕಲ್ಯಾಣದಲ್ಲಿ ಇಳಿದು, ಭಿವಂಡಿಯ ಮೇಲೆ ಬಸ್ಸಿನಲ್ಲಿ ಮುಟ್ಟಿದೆವು.

ವಜ್ರೇಶ್ವರಿಯ ದೇವಾಲಯಕ್ಕೆ ಚರಿತ್ರೆಯ ಬೆಂಬಲವಿದೆ. ಪೋರ್ತುಗೀಸರಿಂದ ವಸಾಯಿ ಕೋಟೆ ಕೈವಶವಾದರೆ ಗುಡಿ ಕಟ್ಟಿಸುವೆನೆಂದು ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪ ಹರಕೆ ಹೊತ್ತನೆಂದೂ ೧೭೩೯ರಲ್ಲಿ ಗೆದ್ದ ಮೇಲೆ ಅದು ನೆರವೇರಿತೆಂದೂ ಪ್ರತೀತಿ. ಗಣೇಶಪುರಿಯಲ್ಲಿ ಭೀಮೇಶ್ವರ ಗುಡಿಯ ಬಳಿಯ ಕುಂಡಗಳನ್ನು ಪ್ರಸಿದ್ಧಿಗೆ ತಂದವರು ಸ್ವಾಮಿ ನಿತ್ಯಾನಂದರು. ಅದಕ್ಕೂ ಮುನ್ನ ಅವರು ಇಂದಿನ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿದ್ದರು. ೧೯೬೧ರಲ್ಲಿ ಗಣೇಶಪುರಿಯಲ್ಲೇ ತೀರಿಕೊಂಡರು. ಮುಂಬಯಿಯಲ್ಲಿ ನೆಲೆಸಿದ ನಮ್ಮ ಕರಾವಳಿಯ ಕನ್ನಡಿಗರು, ತುಳುವರು ಆ ಕುಂಡಗಳಿಗೆ ತಪ್ಪದೆ ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಯಾವ ಕುಂಡದಲ್ಲಿ ಇಳಿಯುವುದು ಎಂಬ ಪ್ರಶ್ನೆ ಅಲ್ಲಿ ಎದುರಾಯಿತು. ಸೂರ್ಯ, ಚಂದ್ರ, ಅಗ್ನಿ ಎಂದೆಲ್ಲ ಕುಂಡಗಳಿಗೆ ಹೆಸರು. ನಾನು ಆಗಿನ್ನೂ ಸಹಶಿಕ್ಷಕ, ಮೂವತ್ತಾರರ ಹುಮ್ಮಸ್ಸು. ಹೆಚ್ಚು ಬಿಸಿಯಾದುದೇ ಹೆಚ್ಚು ಗುಣಕಾರಿ ಎಂದು ತಿಳಿದು ಹಬೆಯಾಡುತ್ತಿದ್ದ ಕುಂಡಕ್ಕೆ ಇಳಿದೆ. ಹತ್ತು ನಿಮಿಷಕ್ಕೆ ಕಣ್ಣು ಕತ್ತಲಿಟ್ಟಿತು; ಅಪರಿಚಿತರಿಬ್ಬರು ತೋಳು ಹಿಡಿದು ಮೇಲೆ ತಂದು ಕೂರಿಸಿದರು. ಹಿಂದಿನವರು ಈ ವಿವೇಕವನ್ನು ಎಂದೋ ಗಳಿಸಿದ್ದರು. ಯಮುನೋತ್ರಿಯಲ್ಲಿ ಅಕ್ಕಿ, ಆಲೂಗಡ್ಡೆ ಬೇಯುವ ಸೂರ್ಯಕುಂಡ ಬೇರೆ, ಮೀಯುವ ಕುಂಡ ಬೇರೆ. ಮಣಿಕರ್ಣದಲ್ಲಿ ಕುದಿಯುವ ಬುಗ್ಗೆಗೆ ತಣ್ಣೀರು ಬೆರೆಸಿಯೇ ಸ್ನಾನ. ಬದರಿಯಲ್ಲಿ ತಪ್ತಕುಂಡದಲ್ಲಿ ಮಿಂದ ಮೇಲೆಯೇ ದರ್ಶನ. ಕೆಳಗೆ ಹರಿಯುವ ಅಲಕನಂದೆಯ ಹಿಮದ ನೀರಿಗೆ ಇಳಿಯಲಾಗದವರಿಗೆ ಆ ಕ್ರಮವೇ ಕರುಣೆ. ಹಳೆಯ ಯಾತ್ರಿಕರ ಮಾತನ್ನು ಮಾತ್ರ ನೆಚ್ಚಿ ಹೊರಡುವುದೂ ಸಲ್ಲದು: ಕೇದಾರದ ದಾರಿಯ ಗೌರೀಕುಂಡದ ಬಿಸಿನೀರಿನ ಕೊಳ ೨೦೧೩ರ ಜೂನಿನ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಶಾಖದ ಪ್ರಶ್ನೆಗಿಂತ ಕಠಿಣವಾದುದು ಯಾರೊಡನೆ ಮೀಯುವುದು ಎಂಬ ಪ್ರಶ್ನೆ. ಬೌದ್ಧರ ವಿನಯ ಪಿಟಕದಲ್ಲಿ ರಾಜಗೃಹದ ತಪೋದಾ ಎಂಬ ಬಿಸಿನೀರಿನ ತೀರ್ಥದ ಪ್ರಸಂಗವೊಂದು ಬರುತ್ತದೆ. ಅರಸ ಬಿಂಬಿಸಾರ ತಲೆ ತೊಳೆಯಲು ಅಲ್ಲಿಗೆ ಬಂದಾಗ ಭಿಕ್ಷುಗಳು ನೀರಿನಲ್ಲಿದ್ದರು. ಅರಸ ಕಾದ, ಅವರು ಕತ್ತಲಾಗುವವರೆಗೆ ಮಿಂದರು. ಕೊನೆಗೆ ಅವನು ಮಿಂದು ಹೊರಟಾಗ ನಗರದ ಬಾಗಿಲು ಮುಚ್ಚಿತ್ತು. ರಾತ್ರಿಯನ್ನು ಹೊರಗೇ ಕಳೆದ. ಬುದ್ಧನು ಭಿಕ್ಷುಗಳನ್ನು ಕರೆದು ಹದಿನೈದು ದಿನಕ್ಕೊಮ್ಮೆ ಮಾತ್ರ ಸ್ನಾನವೆಂದು ಕಟ್ಟು ಮಾಡಿದ. ಮುಂದೆ ಆ ಕಟ್ಟನ್ನು ಸಡಿಲಿಸಬೇಕಾಯಿತು: ಬೇಸಗೆಯಲ್ಲಿ, ಕಾಯಿಲೆಯಲ್ಲಿ, ದುಡಿಮೆಯಲ್ಲಿ, ಗಾಳಿಮಳೆಯಲ್ಲಿ, ಹಾಗೆಯೇ ಪ್ರಯಾಣದಲ್ಲಿ ಇರುವವರಿಗೆ ವಿನಾಯಿತಿ. ದಾರಿಯ ಧೂಳು ಹೊತ್ತವನಿಗೆ ನೀರು ಬೇಕೆಂಬುದನ್ನು ಆ ಕಾಲದಲ್ಲೇ ಬರೆದಿಟ್ಟರಲ್ಲ ಎಂದು ನನಗೆ ಈ ಭಾಗವನ್ನು ಓದಿದಾಗಲೆಲ್ಲ ಸಂತೋಷವಾಗುತ್ತದೆ. ಅಲ್ಲಿ ಅರಸನೇ ಕಾದನು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಕಾಯುವವರು ಬೇರೆಯಾಗಿದ್ದರು. ಕೊಂಕಣದ ಮಹಾಡದ ಸಮೀಪ ಸಾವ್ ಎಂಬಲ್ಲಿ ಬಿಸಿನೀರಿನ ಕುಂಡಗಳಿವೆ. ಅದೇ ಮಹಾಡದ ಚವದಾರ್ ಕೆರೆಯ ತಣ್ಣೀರನ್ನು ಮುಟ್ಟಲು ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು.

ಅಕಲೋಲಿಯಲ್ಲಿ ಅಂದು ನಾನು ತಲೆ ಹಿಡಿದುಕೊಂಡು ಕೂತಿದ್ದಾಗ ಅವ್ವ ತಾನೇ ಕುಂಡ ನೋಡಲು ಹೊರಟಳು. ಒಂದಕ್ಕೆ ಕೈಯಿಟ್ಟು ತೆಗೆದಳು. ಇನ್ನೊಂದು ಹದವಾಗಿತ್ತು, ಮೆಟ್ಟಿಲು ಕಡಿದಾಗಿದ್ದವು. ಕಾಲಿಗೆ ಆಗದೆಂದು ಬಿಟ್ಟಳು. ನದಿಯ ಅಂಚಿಗಿದ್ದ ಮೂರನೆಯದರಲ್ಲಿ ಮೆಟ್ಟಿಲು ತಗ್ಗು, ನೀರು ಉಗುರುಬೆಚ್ಚಗೆ. ಆದರೆ ಅದರಲ್ಲಿ ನಮ್ಮ ಜೊತೆಯ ಮುದುಕಿ ಆಗಲೇ ಸೊಂಟದವರೆಗೆ ಮುಳುಗಿ ಕೂತಿದ್ದಳು. ಅವ್ವನನ್ನು ಕಂಡೊಡನೆ ಅವಳು ಎದ್ದು ಹೊರಬರಲು ಹೊರಟಳು. ಊರಿನ ರೂಢಿ ಕಾಲಿನಲ್ಲೇ ಇತ್ತಲ್ಲ. ಅವ್ವ ಒಂದು ಗಳಿಗೆ ನಿಂತಳು. ಆಮೇಲೆ, "ಕೂಡು, ಎಲ್ಲಿಗೇಳ್ತಿ? ನಿನ್ನ ಕಾಲೂ ನನ್ನ ಕಾಲಿನಂಗ ಅದಾವ" ಎಂದು ಅವಳ ಭುಜ ಹಿಡಿದೇ ಮೆಟ್ಟಿಲಿಳಿದಳು. ಇಬ್ಬರೂ ಬಹಳ ಹೊತ್ತು ಮಾತಿಲ್ಲದೆ ಕೂತರು.

ನೋವು ಹೋಯಿತೆಂದು ಬರೆದರೆ ಸುಳ್ಳಾದೀತು. ಮೂರು ದಿನದ ಸ್ನಾನದಿಂದ ಬಿಗಿತ ಸಡಿಲಿತು. ಯುಗಾದಿಯ ಹೊತ್ತಿಗೆ ಮರಳಿ ಬಂತು. ಊರಿಗೆ ಬಂದ ಮೇಲೆ ಹೊಳೆಯ ರೂಢಿಯೂ ಒಂದೇ ದಿನದಲ್ಲಿ ಬದಲಾಗಲಿಲ್ಲ. ಹೊರಡುವಾಗ ಅವ್ವ ಆ ಕುಂಡದ ನೀರನ್ನು ತಾಮ್ರದ ತಂಬಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಸೊಲ್ಲಾಪುರ ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು. ಮನೆಗೆ ಬಂದು ಅದನ್ನು ಹಂಡೆಯ ನೀರಿಗೆ ಸುರಿದು, ಒಲೆ ಹೊತ್ತಿಸಿ, ಆ ಮುದುಕಿಯನ್ನೂ ಕರೆತರಲು ನನ್ನನ್ನು ಕೇರಿಗೆ ಕಳಿಸಿದಳು.