ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಅಮೆರಿಕದ ಹಣಕಾಸು ಸಂಸ್ಥೆಯೊಂದರ ಕಚೇರಿಯಲ್ಲಿ ಅವನಿಗೆ ಕೆಲಸ. ಕಾಫಿ ಕುಡಿಯುತ್ತಾ, “ಮೇಷ್ಟ್ರೇ, ಊರಿನವರ ಷೇರುಗಳನ್ನು ಮಾರಿಸಿಕೊಡುವ ದಲ್ಲಾಳಿ ಕಂಪನಿಯೇ ತನ್ನ ಷೇರನ್ನೂ ಪೇಟೆಗಿಡುವುದು ಯಾವಾಗಿನಿಂದ ಬಂತು?” ಎಂದು ಕೇಳಿದ. ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುವುದುಂಟೇ? ಅವನಿಗೆ ಹೇಳಿದ್ದನ್ನೇ ಓದುಗ ಮಿತ್ರರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

1792ರ ಮೇ 17ರಂದು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ 24 ಮಂದಿ ದಲ್ಲಾಳಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಶೇಕಡಾ ಕಾಲು ಭಾಗಕ್ಕಿಂತ ಕಡಿಮೆ ಕಮಿಷನ್ ಪಡೆಯಬಾರದು, ವ್ಯವಹಾರದಲ್ಲಿ ತಮ್ಮತಮ್ಮಲ್ಲೇ ಆದ್ಯತೆ ನೀಡಬೇಕು ಎಂಬುದು ಅದರ ಸಾರ. ಇದೇ ಮುಂದೆ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವಾಗಿ ಬೆಳೆಯಿತು. ಅಲ್ಲಿನ ದಲ್ಲಾಳಿ ಸಂಸ್ಥೆಗಳು ಬಹುಕಾಲ ಪಾಲುದಾರಿಕೆಯ ಅಂಗಡಿಗಳಾಗಿದ್ದವು. ತಮ್ಮ ಒಡೆತನವನ್ನು ಸಾರ್ವಜನಿಕರಿಗೆ ಮಾರಲು 1970ರವರೆಗೆ ವಿನಿಮಯ ಕೇಂದ್ರದ ನಿಯಮವೇ ಬಿಡುತ್ತಿರಲಿಲ್ಲ. ಪಾಲುದಾರನ ಹೊಣೆಗೆ ಮಿತಿಯಿಲ್ಲ. ಅಂಗಡಿ ಮುಳುಗಿದರೆ ಅವನ ಮನೆಮಠವೂ ಅದರೊಂದಿಗೇ ಮುಳುಗಬಹುದು. ಆದ್ದರಿಂದ ರಾತ್ರಿ ನಿದ್ರೆ ಬರುವಷ್ಟೇ ಅಪಾಯವನ್ನು ಅವನು ಮೈಮೇಲೆ ಎಳೆದುಕೊಳ್ಳುತ್ತಿದ್ದ.

ಈ ಪೈಕಿ ಅತ್ಯಂತ ಪ್ರಸಿದ್ಧವಾದುದು ಮೆರಿಲ್ ಲಿಂಚ್. ಫ್ಲಾರಿಡಾದ ವೈದ್ಯರೊಬ್ಬರ ಮಗನಾದ ಚಾರ್ಲ್ಸ್ ಮೆರಿಲ್ 1914ರಲ್ಲಿ ಇದನ್ನು ಆರಂಭಿಸಿದರು. ಗೆಳೆಯ ಎಡ್ಮಂಡ್ ಲಿಂಚ್ ಬೇಗನೆ ಜೊತೆಗೂಡಿದರು. 1928ರಲ್ಲಿ ಪೇಟೆ ಮುಗಿಲು ಮುಟ್ಟುತ್ತಿದ್ದಾಗ, ಸಾಲ ಮಾಡಿ ಕೊಂಡ ಷೇರುಗಳ ಭಾರವನ್ನು ಇಳಿಸಿಕೊಳ್ಳಿರೆಂದು ಮೆರಿಲ್ ತಮ್ಮ ಗ್ರಾಹಕರಿಗೆ ಎಚ್ಚರಿಕೆ ನೀಡಿದರು. ಮರುವರ್ಷ ಅಕ್ಟೋಬರಿನಲ್ಲಿ ಮಹಾಕುಸಿತ ಸಂಭವಿಸಿತು. 1940ರ ನಂತರ ಅವರ ಸಂಸ್ಥೆ ಸಾಮಾನ್ಯ ಮಧ್ಯಮ ವರ್ಗದ ಬಾಗಿಲಿಗೇ ಷೇರುಪೇಟೆಯನ್ನು ಕೊಂಡೊಯ್ಯಿತು. ಗ್ರಾಹಕನಿಂದ ಸುಮ್ಮನೆ ಕೊಳ್ಳುವುದು ಮಾರುವುದು ಮಾಡಿಸಬಾರದೆಂದು ಅಲ್ಲಿನ ನೌಕರರಿಗೆ ಕಮಿಷನ್ನಿನ ಬದಲು ಸಂಬಳ ಗೊತ್ತುಮಾಡಲಾಗಿತ್ತು.

ಹಾಗೆಂದು ಹಳೆಯ ಪಾಲುದಾರರೆಲ್ಲ ಸತ್ಯಹರಿಶ್ಚಂದ್ರರೆಂದು ನಾನು ಹೇಳುವುದಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ ಕೂಡ ಆಗ ಪಾಲುದಾರಿಕೆಯೇ. ಅದು 1928ರ ಡಿಸೆಂಬರಿನಲ್ಲಿ ಸಾರ್ವಜನಿಕರ ಹಣ ಕೂಡಿಸಿ ‘ಗೋಲ್ಡ್‌ಮನ್ ಸ್ಯಾಕ್ಸ್ ಟ್ರೇಡಿಂಗ್ ಕಾರ್ಪೊರೇಷನ್’ ಎಂಬ ಹೂಡಿಕೆ ಕಂಪನಿಯನ್ನು ಹುಟ್ಟುಹಾಕಿತು. 104 ಡಾಲರಿಗೆ ಮಾರಿದ ಅದರ ಷೇರು 1932ರ ವೇಳೆಗೆ ಎರಡು ಡಾಲರಿಗೂ ಕೆಳಗಿಳಿದಿತ್ತು. ಸ್ವಂತ ಹಣದ ವಿಷಯದಲ್ಲಿ ಜಾಗರೂಕನಾದವನೂ ಪರರ ಹಣ ಕೈಗೆ ಬಂದರೆ ಹೇಗೆ ಬದಲಾಗುತ್ತಾನೆಂಬುದಕ್ಕೆ ಇದು ಮೊದಲ ಪಾಠ.

1960ರ ದಶಕದ ಕೊನೆಗೆ ಪರಿಸ್ಥಿತಿ ಬದಲಾಯಿತು. ವಹಿವಾಟು ವಿಪರೀತ ಹೆಚ್ಚಿ, 1968ರಲ್ಲಿ ಬಾಕಿ ಕಾಗದಪತ್ರ ಮುಗಿಸಲೆಂದೇ ವಿನಿಮಯ ಕೇಂದ್ರವನ್ನು ಹಲವು ಬುಧವಾರ ಮುಚ್ಚಬೇಕಾಯಿತು. ಕಂಪ್ಯೂಟರ್ ಕೊಳ್ಳಲು ಬಂಡವಾಳ ಬೇಕು. ಪಾಲುದಾರ ನಿವೃತ್ತನಾದರೆ ಅವನ ಬಂಡವಾಳವೂ ಅವನೊಡನೆ ಹೊರಟುಬಿಡುತ್ತದೆ. ಹೀಗಾಗಿ ನಿಯಮ ಸಡಿಲವಾಯಿತು. 1970ರಲ್ಲಿ ಡೊನಾಲ್ಡ್‌ಸನ್, ಲಫ್ಕಿನ್ ಅಂಡ್ ಜೆನ್ರೆಟ್ ಸಂಸ್ಥೆ ಮೊದಲು ಸಾರ್ವಜನಿಕರಿಗೆ ಷೇರು ಮಾರಿತು. 1971ರಲ್ಲಿ ಮೆರಿಲ್ ಲಿಂಚ್, 1985ರಲ್ಲಿ ಬೇರ್ ಸ್ಟರ್ನ್ಸ್, 1986ರಲ್ಲಿ ಮಾರ್ಗನ್ ಸ್ಟ್ಯಾನ್ಲಿ, ಕಟ್ಟಕಡೆಗೆ 1999ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಅದೇ ಹಾದಿ ಹಿಡಿದವು. ಇದರ ನಡುವೆ, 1975ರ ಮೇ 1ರಂದು, 183 ವರ್ಷಗಳ ಹಳೆಯ ಕಮಿಷನ್ ಕಟ್ಟುಪಾಡೂ ರದ್ದಾಯಿತು. ದಲ್ಲಾಳಿ ದರ ಕುಸಿಯಿತು. ಅನೇಕ ದೊಡ್ಡ ಸಂಸ್ಥೆಗಳು ಲಾಭಕ್ಕಾಗಿ ತಾವೇ ಪಣ ಒಡ್ಡಿ ವ್ಯಾಪಾರಕ್ಕಿಳಿದವು.

ಇಲ್ಲಿ ಒಂದು ಸರಳ ಲೆಕ್ಕವಿದೆ. ಸ್ವಂತದ್ದು ಒಂದು ರೂಪಾಯಿ, ಸಾಲ ಮೂವತ್ತು ರೂಪಾಯಿ ಹಾಕಿ ಆಸ್ತಿ ಕೊಂಡರೆ, ಅದರ ಬೆಲೆ ಶೇಕಡಾ ನಾಲ್ಕರಷ್ಟು ಇಳಿದರೆ ಸಾಕು, ಸ್ವಂತದ ರೂಪಾಯಿ ಮಾಯವಾಗುತ್ತದೆ. 2007ರಲ್ಲಿ ಲೇಮನ್ ಬ್ರದರ್ಸ್ ಸಂಸ್ಥೆಯ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇತ್ತು. 1850ರಲ್ಲಿ ಅಲಬಾಮಾದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಮೂವರು ಸಹೋದರರು ಕಟ್ಟಿದ ಆ ಸಂಸ್ಥೆ, ಅಂತರ್ಯುದ್ಧವನ್ನೂ 1929ನ್ನೂ ದಾಟಿ ಬಂದದ್ದು, 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿತು. ಅದೇ ದಿನ ಮೆರಿಲ್ ಲಿಂಚ್ ಸಂಸ್ಥೆಯನ್ನು ಬ್ಯಾಂಕ್ ಆಫ್ ಅಮೆರಿಕ ಕೊಳ್ಳುವ ಸುದ್ದಿ ಹೊರಬಿತ್ತು. ಸಾಲದ ಷೇರು ಬೇಡವೆಂದು 1928ರಲ್ಲಿ ಎಚ್ಚರಿಸಿದ್ದ ಮನೆಯೇ, ಮನೆಸಾಲದ ಪತ್ರಗಳಲ್ಲಿ ಸಿಕ್ಕಿ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿತ್ತು.

“ಹಾಗಾದರೆ ಷೇರುಪೇಟೆಗೆ ಬಂದದ್ದೇ ತಪ್ಪೇ ಸಾರ್?” ಎಂದು ಹುಡುಗ ಕೇಳಿದ. ಪೂರ್ತಿ ಹಾಗಲ್ಲ. 1987ರ ಸೆಪ್ಟೆಂಬರಿನಲ್ಲಿ, ಮತ್ತೊಂದು ಮಹಾಕುಸಿತಕ್ಕೆ ಕೆಲವೇ ವಾರಗಳ ಮುನ್ನ, ಷೇರುಪೇಟೆಗೆ ಬಂದ ಚಾರ್ಲ್ಸ್ ಶ್ವಾಬ್ ಕಂಪನಿ ಕಡಿಮೆ ದರದ ದಲ್ಲಾಳಿಯಾಗಿ ಬೆಳೆದು ಇಂದಿಗೂ ನಿಂತಿದೆ. ಹೊರಗಿನ ಬಂಡವಾಳವಿಲ್ಲದೆ ಲಕ್ಷಾಂತರ ಸಣ್ಣ ಗ್ರಾಹಕರಿಗೆ ಸೇವೆ ಸಲ್ಲಿಸುವುದೂ ಕಷ್ಟವಿತ್ತು. ಆದರೆ ಲಾಭ ಬಂದಾಗ ಬೋನಸ್ಸು ತಮಗೆ, ನಷ್ಟ ಬಂದಾಗ ಹೊರೆ ಷೇರುದಾರರಿಗೆ ಎಂಬ ಏರ್ಪಾಡಿನಲ್ಲಿ ಪಾಲುದಾರನ ಹಳೆಯ ಭಯ ಕರಗಿಹೋಯಿತು. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಹೊರಡುವಾಗ ಅವನು ತನ್ನ ಉಳಿತಾಯವನ್ನು ಎಲ್ಲಿಡಲೆಂದು ಕೇಳಿದ. ಅದನ್ನು ಹೇಳುವ ಯೋಗ್ಯತೆ ಈ ಮೇಷ್ಟ್ರಿಗಿಲ್ಲ. “ಯಾವ ಕಂಪನಿಗಾದರೂ ಹಣ ಕೊಡು, ಅದು ಮುಳುಗಿದರೆ ಅದನ್ನು ನಡೆಸುವವರ ಜೇಬಿನಿಂದ ಎಷ್ಟು ಹೋಗುತ್ತದೆಂದು ಮೊದಲು ವಿಚಾರಿಸು” ಎಂದಷ್ಟೇ ಹೇಳಿ ಕಳುಹಿಸಿದೆ.